ಪಿಂಗಾಣಿಯ ಬಿಳುಪು ಚಿತ್ರದಲ್ಲಿ ಮೂಡಿದ ಬಗೆ

ಚಿಕ್ಕಮಗಳೂರಿನ ನಮ್ಮ ಮನೆಯ ಹಜಾರದಲ್ಲಿ ನೀಲಿ ಚಿತ್ತಾರದ ಪಿಂಗಾಣಿ ಹೂದಾನಿಯಲ್ಲಿ ಕೆಂಪು ಡೇರೆ ಹೂಗಳನ್ನಿಟ್ಟು ತೈಲವರ್ಣದಲ್ಲಿ ಚಿತ್ರಿಸುತ್ತಿದ್ದಾಗ, ಹೂಗಳು ಚೆನ್ನಾಗಿ ಬಂದರೂ ಹೂದಾನಿ ಮಾತ್ರ ಸುಣ್ಣ ಬಳಿದ ಗೋಡೆಯಂತೆ ಚಪ್ಪಟೆಯಾಗಿ ಕಾಣುತ್ತಿತ್ತು. ಮಳೆಗಾಲದ ಮೋಡದ ಬೆಳಕು ಎರಡೂ ಕಿಟಕಿಗಳಿಂದ ಸಮನಾಗಿ ಹರಡಿ ನೆರಳೇ ಬೀಳದಿದ್ದುದು ಇದಕ್ಕೆ ಮೊದಲ ಕಾರಣ. ಒಂದು ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿದ ಕೂಡಲೇ ಪಾತ್ರೆಯ ದುಂಡು ಎದ್ದು ಕಂಡಿತು.

ಇನ್ನು ಬಣ್ಣದ ವಿಚಾರ. ಟೈಟಾನಿಯಂ ಬಿಳಿಗೆ ಅಲ್ಟ್ರಾಮರೀನ್ ನೀಲಿಯನ್ನೂ ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು ಬಣ್ಣವನ್ನೂ ತುಸು ಬೆರೆಸಿದರೆ ತಂಪಾದ ಬೂದು ಸಿಗುತ್ತದೆ. ಹೂದಾನಿಯ ಬಹುಭಾಗವನ್ನು ಅದರ ತಿಳಿ, ಗಾಢ ಛಾಯೆಗಳಲ್ಲೇ ತುಂಬಿ, ಅಪ್ಪಟ ಬಿಳಿಯನ್ನು ಕಿಟಕಿಯ ಪ್ರತಿಬಿಂಬ ಹೊಳೆಯುವ ಪುಟ್ಟ ತಾಣವೊಂದಕ್ಕೇ ಮೀಸಲಿಟ್ಟೆ. ಡೇರೆಯ ಕೆಂಪು ಹೂದಾನಿಯ ಕೊರಳಿನ ಮೇಲೆ ತೆಳುವಾಗಿ ಪ್ರತಿಫಲಿಸುವುದನ್ನೂ ಬಿಡಲಿಲ್ಲ. ಚಿತ್ರದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಅದೇ.

ಈ ಬಗೆಯ ಪಿಂಗಾಣಿಯಲ್ಲಿ ಕೋಬಾಲ್ಟ್ ನೀಲಿಯ ಚಿತ್ತಾರವು ಗಾಜಿನಂಥ ಮೆರುಗಿನ ಪದರದ ಅಡಿಯಲ್ಲಿರುತ್ತದೆ. ಆದ್ದರಿಂದ ಹೊಳಪು ನೀಲಿ ಗೆರೆಯ ಮೇಲೆ ಹಾದುಹೋಗಬೇಕೇ ಹೊರತು, ಗೆರೆ ಹೊಳಪಿನ ಮೇಲಲ್ಲ. ನೆರಳಿನ ಕಡೆ ಚಿತ್ತಾರವನ್ನು ಮಬ್ಬಾಗಿಸಿ, ಅಂಚಿನತ್ತ ಅದರ ಎಸಳುಗಳನ್ನು ಕಿರಿದಾಗಿಸಿದೆ. ಮಲೆನಾಡಿನ ಮಳೆಗಾಲದಲ್ಲಿ ತೈಲವರ್ಣ ನಿಧಾನವಾಗಿ ಆರುವುದರಿಂದ, ಬೂದು ಪದರ ಒಣಗುವವರೆಗೆ ನೀಲಿಯನ್ನು ಹಚ್ಚಬಾರದು. ಹಚ್ಚಿದರೆ ಎರಡೂ ಕಲಸಿಹೋಗುತ್ತವೆ.