‘ನನ್ನ, ನಿನ್ನ, ಅವರ’: ಇಂಗ್ಲಿಷ್‌ನಿಂದ ಸ್ಪ್ಯಾನಿಷ್‌ಗೆ ಹೋಗುವಾಗ ಎಡವದಿರುವುದು ಹೇಗೆ?

ಇಂಗ್ಲಿಷ್ ಚೆನ್ನಾಗಿ ಬಲ್ಲವರೂ ಸ್ಪ್ಯಾನಿಷ್ ಕಲಿಯುವಾಗ ಒಂದೇ ಜಾಗದಲ್ಲಿ ಎಡವುವುದನ್ನು ನೋಡಿದ್ದೇನೆ. ‘ಇದು ಯಾರದು’ ಎಂದು ಹೇಳಬೇಕಾದಾಗ.

ಹಂತ 1: ಹೆಸರುಗಳು
ಇಂಗ್ಲಿಷ್‌ನಲ್ಲಿ ಅಪಾಸ್ಟ್ರಫಿ ಹಾಕಿ ಎಸ್ ಸೇರಿಸಿ: ‘ಮರಿಯಾಸ್ ಹೌಸ್’. ಬಹುವಚನದ ಎಸ್ ಮೊದಲೇ ಇದ್ದರೆ ಬರೀ ಅಪಾಸ್ಟ್ರಫಿ ಸಾಕು. ‘ಅದರ’ ಎನ್ನುವ ‘ಇಟ್ಸ್’ಗೆ ಅದು ಬೇಡ. ಸ್ಪ್ಯಾನಿಷ್‌ನಲ್ಲಿ ಹೀಗೆ ಅಪಾಸ್ಟ್ರಫಿ ಹಾಕುವುದೇ ಇಲ್ಲ. ವಸ್ತು ಮೊದಲು, ನಡುವೆ ‘ದೆ’, ಕೊನೆಗೆ ಒಡೆಯರು: ‘ಲಾ ಕಾಸಾ ದೆ ಮರಿಯಾ’.

ಹಂತ 2: ‘ನಮ್ಮ’, ‘ಅವರ’
ಇಲ್ಲಿ ನಿಧಾನಿಸಿ. ಇಂಗ್ಲಿಷ್‌ನ ‘ಹಿಸ್’, ‘ಹರ್’ ಒಡೆಯರನ್ನು ನೋಡುತ್ತವೆ. ಸ್ಪ್ಯಾನಿಷ್ ನೋಡುವುದು ವಸ್ತುವನ್ನು. ‘ಕಾಸಾ’ ಅಂದರೆ ಮನೆ, ಸ್ತ್ರೀಲಿಂಗ. ಹಾಗಾಗಿ ಮಾತಾಡುವವರೆಲ್ಲ ಗಂಡಸರಾದರೂ ‘ನುವೆಸ್ತ್ರಾ ಕಾಸಾ’. ‘ಲಿಬ್ರೊ’ ಅಂದರೆ ಪುಸ್ತಕ, ಪುಲ್ಲಿಂಗ. ಹೆಂಗಸರು ಹೇಳಿದರೂ ‘ನುವೆಸ್ತ್ರೊ ಲಿಬ್ರೊ’.

‘ಮಿ’ (ನನ್ನ), ‘ತು’ (ನಿನ್ನ), ‘ಸು’ (ಅವನ, ಅವಳ, ಅವರ) ಪದಗಳಿಗೆ ಲಿಂಗದ ಗೊಡವೆಯಿಲ್ಲ, ವಚನ ಮಾತ್ರ. ಜಾಸ್ತಿ ತಪ್ಪಾಗುವುದೂ ಇಲ್ಲೇ. ಐದು ಜನರದ್ದು ಒಂದೇ ಪುಸ್ತಕವಾದರೆ ‘ಸು ಲಿಬ್ರೊ’. ಒಬ್ಬಳದ್ದೇ ಐದು ಪುಸ್ತಕವಾದರೆ ‘ಸುಸ್ ಲಿಬ್ರೋಸ್’. ಒಡೆಯರನ್ನು ಎಣಿಸಬೇಡಿ, ಪುಸ್ತಕ ಎಣಿಸಿ.

‘ಮೈ ಅಂದರೆ ಮಿ, ಯುವರ್ ಅಂದರೆ ತು’ ಎಂದು ಎದುರುಬದುರು ಬರೆದ ಪಟ್ಟಿಗಳನ್ನು ಬಾಯಿಪಾಠ ಮಾಡಲೇಬೇಡಿ. ಅವು ಈ ಲೆಕ್ಕವನ್ನೇ ಮರೆಸುತ್ತವೆ. ಪ್ರತಿ ನಾಮಪದವನ್ನೂ ಅದರ ಲಿಂಗ ತೋರಿಸುವ ‘ಎಲ್’ (ಪುಲ್ಲಿಂಗ) ಅಥವಾ ‘ಲಾ’ (ಸ್ತ್ರೀಲಿಂಗ) ಸೇರಿಸಿಯೇ ಕಲಿಯಿರಿ. ನನ್ನ ಪ್ರಕಾರ ಬೇರೆ ದಾರಿಯಿಲ್ಲ.

ಇನ್ನೊಂದು ತೊಡಕಿದೆ. ‘ಸು’ ಅಂದರೆ ಅವನ, ಅವಳ, ಅದರ, ಅವರ, ಗೌರವದ ‘ನಿಮ್ಮ’ ಕೂಡ! ನಮ್ಮ ‘ತನ್ನ’, ‘ಅವನ’ ನಡುವಿನ ವ್ಯತ್ಯಾಸವೂ ಅದಕ್ಕಿಲ್ಲ. ಗೊಂದಲ ಅನ್ನಿಸಿದರೆ ಸುಮ್ನೆ ‘ದೆ’ಗೆ ಮರಳಿ: ‘ಎಲ್ ಲಿಬ್ರೊ ದೆ ಎಯಾ’, ಅವಳ ಪುಸ್ತಕ.

ಹಂತ 3: ‘ನನ್ನದು’
ಇಂಗ್ಲಿಷ್‌ನ ‘ಮೈನ್’ ಬದಲಾಗುವುದಿಲ್ಲ. ಸ್ಪ್ಯಾನಿಷ್‌ನಲ್ಲಿ ‘ಎಲ್ ಮೀಯೊ’, ‘ಲಾ ಮೀಯಾ’, ‘ಲೋಸ್ ಮೀಯೋಸ್’, ‘ಲಾಸ್ ಮೀಯಾಸ್’. ಕನ್ನಡದವರಿಗೆ ಇದು ಸುಲಭ. ನನ್ನವನು, ನನ್ನವಳು, ನನ್ನದು, ನನ್ನವು ಅನ್ನುತ್ತೇವೆ, ಅಲ್ವಾ? ‘ಇದು ನನ್ನದು’ ಎಂದಷ್ಟೇ ಹೇಳಲು ‘ಎಸ್ ಮೀಯೊ’ ಸಾಕು, ನಡುವೆ ‘ಎಲ್’ ಬೇಡ.

ಹಂತ 4: ಮೈಕೈ
ಇಂಗ್ಲಿಷ್‌ನಲ್ಲಿ ‘ನನ್ನ ಕೈಗಳನ್ನು’ ತೊಳೆಯಬೇಕು. ಸ್ಪ್ಯಾನಿಷ್‌ನಲ್ಲಿ ‘ಮೆ ಲಾವೊ ಲಾಸ್ ಮಾನೋಸ್’, ‘ನನ್ನ’ ಇಲ್ಲವೇ ಇಲ್ಲ. ‘ಕೈ ತೊಳೆದುಕೊಳ್ಳುತ್ತೇನೆ’ ಎನ್ನುವಾಗ ನಮ್ಮ ‘ಕೊಳ್ಳು’ ಮಾಡುವ ಕೆಲಸವನ್ನೇ ಅಲ್ಲಿ ‘ಮೆ’ ಮಾಡುತ್ತದೆ. ಈ ವಾಕ್ಯ ಕಟ್ಟುವಾಗ ಇಂಗ್ಲಿಷ್ ಬದಿಗಿಡಿ, ಕನ್ನಡದಿಂದಲೇ ನೇರ ಹೋಗಿ.