ಕಿಟೊದಲ್ಲಿ ಒಂದೇ ದಿನವಿದ್ದರೆ: ಉಸಿರು ನೋಡಿಕೊಂಡು, ಮೋಡ ನೋಡಿಕೊಂಡು

ಗಲಾಪಗೋಸ್ ದ್ವೀಪಗಳಿಗೆ ಹೊರಟ ಎಷ್ಟೋ ಮಂದಿಗೆ ಎಕ್ವಡಾರ್‌ನ ರಾಜಧಾನಿ ಬರೀ ದಾರಿಯ ತಂಗುದಾಣ. ರಾತ್ರಿ ಮಲಗಿ ಬೆಳಿಗ್ಗೆ ವಿಮಾನ ಹತ್ತಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ, ಒಂದು ಪೂರ್ತಿ ಹಗಲು ಉಳಿಸಿಕೊಳ್ಳಿ. ನಾವು ಕ್ವಿಟೊ ಎಂದು ಓದುತ್ತೇವೆ, ಅಲ್ಲಿನವರ ಬಾಯಲ್ಲಿ ಅದು ಕಿಟೊ.

ಮೊದಲು ಎತ್ತರದ ವಿಷಯ. ಊರು ಇರುವುದು ಸುಮಾರು 2,850 ಮೀಟರ್ ಮೇಲೆ. ನಮ್ಮ ಮುಳ್ಳಯ್ಯನಗಿರಿಯ ತುದಿ 1,930 ಮೀಟರ್. ಅಂದರೆ ಆ ತುದಿಗಿಂತ ಒಂಬೈನೂರು ಮೀಟರ್ ಮೇಲೆ ಒಂದು ಇಡೀ ನಗರ. ಗಾಳಿಯ ಒತ್ತಡ ಸಮುದ್ರ ಮಟ್ಟದಲ್ಲಿರುವುದರ ಮುಕ್ಕಾಲು ಪಾಲಿಗಿಂತ ಕಡಿಮೆ. ನಾನು ಮೊದಲ ದಿನ ಏದುಸಿರು ಬಿಡುತ್ತಾ ಏರುದಾರಿಯಲ್ಲೇ ನಡೆದೆ, ಮಧ್ಯಾಹ್ನಕ್ಕೆ ತಲೆ ಸಿಡಿಯತೊಡಗಿತು. ಅದಕ್ಕೇ ಹೇಳುವುದು: ಬೆಳಿಗ್ಗೆ ಸಮತಟ್ಟು, ಆಮೇಲೆ ಏರು. ಆಗಾಗ ನೀರು ಕುಡಿಯಿರಿ, ಹೊಟ್ಟೆ ಬಿರಿಯುವಷ್ಟು ತಿನ್ನಬೇಡಿ.

ಎರಡನೆಯದು ಮೋಡ. ಬೆಳಿಗ್ಗೆ ಆಕಾಶ ತಿಳಿಯಾಗಿದ್ದು ಮಧ್ಯಾಹ್ನದ ಮೇಲೆ ಮಳೆ ಬರುವುದು ಇಲ್ಲಿ ಮಾಮೂಲು. ಹಾಗಾಗಿ ಹೊರಗಿನದ್ದನ್ನು ಊಟಕ್ಕೆ ಮೊದಲೇ ನೋಡಿ ಮುಗಿಸಿ. ಸ್ವೆಟರ್ ಹಾಕಿಕೊಂಡಿದ್ದರೂ ಟೋಪಿ, ಸನ್‌ಸ್ಕ್ರೀನ್ ಬಿಡಬೇಡಿ. ಭೂಮಧ್ಯ ರೇಖೆಯ ಬಿಸಿಲು, ಅದೂ ಈ ಎತ್ತರದಲ್ಲಿ, ತಣ್ಣಗಿದ್ದೇ ಚರ್ಮ ಸುಡುತ್ತದೆ.

ಹಣದ ಚಿಂತೆ ಕಡಿಮೆ. 2000ದಿಂದ ಇಲ್ಲಿ ನಡೆಯುವುದು ಅಮೆರಿಕದ ಡಾಲರ್. ಆದರೆ 50, 100ರ ನೋಟಿಗೆ ಅಂಗಡಿಗಳಲ್ಲಿ ಚಿಲ್ಲರೆ ಸಿಗುವುದು ಕಷ್ಟ.

ಬೆಳಿಗ್ಗೆ: ಹಳೆಯ ಪೇಟೆ

ಮೆಟ್ರೊ ಹತ್ತಿ. 2023ರ ಡಿಸೆಂಬರ್‌ನಲ್ಲಿ ಶುರುವಾದ ಇದಕ್ಕೆ ಇರುವುದು ಒಂದೇ ಮಾರ್ಗ, ದಾರಿ ತಪ್ಪುವ ಭಯವಿಲ್ಲ. ಸಾನ್ ಫ್ರಾನ್ಸಿಸ್ಕೊ ನಿಲ್ದಾಣದಲ್ಲಿ ಇಳಿದು ಮೇಲೆ ಬಂದರೆ ಕಲ್ಲು ಹಾಸಿದ ದೊಡ್ಡ ಚೌಕ, ಎದುರಿಗೇ ಬಿಳಿ ಗೋಪುರಗಳ ಮಠ. 1978ರಲ್ಲಿ ಯುನೆಸ್ಕೊ ತನ್ನ ಮೊಟ್ಟಮೊದಲ ವಿಶ್ವ ಪರಂಪರೆ ಪಟ್ಟಿ ಮಾಡಿದಾಗ ಅದರಲ್ಲಿ ಈ ಪೇಟೆಯೂ ಇತ್ತು.

ಈ ಮಠಕ್ಕೊಂದು ಕಥೆ ಅಂಟಿಕೊಂಡಿದೆ. ಕಾಂತುನ್ಯಾ ಎಂಬ ಮೂಲನಿವಾಸಿ ಮೇಸ್ತ್ರಿ ಒಪ್ಪಿಕೊಂಡ ಕೆಲಸವನ್ನು ಗಡುವಿನೊಳಗೆ ಮುಗಿಸಲಾಗದೆ ಸೈತಾನನ ಜೊತೆ ಕರಾರು ಮಾಡಿಕೊಂಡನಂತೆ. ಬೆಳಗಾಗುವುದರೊಳಗೆ ಕೊನೆಯ ಕಲ್ಲೂ ಕೂತರೆ ಆತ್ಮ ನಿನ್ನದು ಅಂತ. ಬೆಳಕು ಹರಿದಾಗ ಒಂದು ಕಲ್ಲು ಕಡಿಮೆ ಇತ್ತು. ಮೇಸ್ತ್ರಿ ಬದುಕಿದ.

ಅಲ್ಲಿಂದ ಕೂಗಳತೆಯಲ್ಲೇ ಲಾ ಕಂಪಾನಿಯಾ ಇಗರ್ಜಿ. ಬಾಗಿಲು ತೆರೆಯುವ ಹೊತ್ತಿಗೇ ಹೋಗಿ, ಆಗ ಜನ ಕಡಿಮೆ. ಹೊರಗೆ ಬೂದು ಬಣ್ಣದ ಜ್ವಾಲಾಮುಖಿ ಕಲ್ಲು. ಒಳಗೆ ಕಾಲಿಟ್ಟರೆ ಗೋಡೆ, ಕಂಬ, ಚಾವಣಿ ಎಲ್ಲದರ ಮೇಲೂ ಚಿನ್ನದ ರೇಕು. 1605ರಲ್ಲಿ ಶುರುವಾದ ಕೆಲಸ ಮುಗಿದದ್ದು 1765ರಲ್ಲಿ. ಅರ್ಧ ಗಂಟೆ ಸುಮ್ನೆ ಕೂತು ನೋಡಿ. ಈ ಚಿನ್ನದ ಬಣ್ಣ ಕಣ್ಣಲ್ಲಿ ಉಳಿಯಲಿ, ಮಧ್ಯಾಹ್ನ ಬೇಕಾಗುತ್ತದೆ.

ಆಮೇಲೆ ಪ್ಲಾಸಾ ಗ್ರಾಂದೆ. ಅಧ್ಯಕ್ಷರ ಅರಮನೆ, ಮುಖ್ಯ ಇಗರ್ಜಿ, ಬೆಂಚುಗಳ ಮೇಲೆ ಹರಟುವ ಹಿರಿಯರು, ಬೂಟ್ ಪಾಲಿಶ್ ಮಾಡುವವರು. ದಣಿವಾಗಿದ್ದರೆ ಇಲ್ಲೇ ಕೂರಿ.

ಹನ್ನೊಂದಕ್ಕೆ: ಮೊದಲ ಏರು

ವೆನೆಸುವೆಲಾ ಬೀದಿ ಹಿಡಿದು ನಿಧಾನಕ್ಕೆ ಮೇಲೆ ನಡೆದರೆ ಬಸಿಲಿಕಾ. ಇದರ ಗೋಡೆಯಿಂದ ಹೊರಚಾಚಿದ ಶಿಲ್ಪಗಳನ್ನು ಕತ್ತೆತ್ತಿ ನೋಡಿ. ಯುರೋಪಿನ ಇಗರ್ಜಿಗಳ ರಾಕ್ಷಸ ಮುಖಗಳ ಜಾಗದಲ್ಲಿ ಇಲ್ಲಿ ಇಗ್ವಾನ, ಆಮೆ, ಆರ್ಮಡಿಲೊ ಇವೆ. ಈ ನೆಲದ ಪ್ರಾಣಿಗಳೇ ಕಾವಲಿಗೆ ನಿಂತಿವೆ. ನನಗೆ ಇಡೀ ಊರಿನಲ್ಲಿ ತುಂಬ ಹಿಡಿಸಿದ್ದು ಇದು. ಗೋಪುರಕ್ಕೆ ಹೋಗಲು ಚಾವಣಿಯೊಳಗಿನ ಮರದ ಹಲಗೆಯ ಸೇತುವೆ ದಾಟಿ ಕಡಿದಾದ ಏಣಿ ಹತ್ತಬೇಕು. ಎತ್ತರದ ಭಯವಿದ್ದರೆ ಕೆಳಗೇ ಇರಿ, ಏನೂ ನಷ್ಟವಿಲ್ಲ.

ಊಟ

ಹತ್ತಿರದ ಮೆರ್ಕಾದೊ ಸೆಂತ್ರಾಲ್ ಮಾರುಕಟ್ಟೆಗೆ ಹೋಗಿ. ಲೋಕ್ರೊ ದೆ ಪಾಪಾಸ್ ಕೇಳಿ. ಆಲೂಗಡ್ಡೆಯ ಗಟ್ಟಿ ಸಾರು, ಮೇಲೆ ಚೀಸ್, ಪಕ್ಕದಲ್ಲಿ ಬೆಣ್ಣೆಹಣ್ಣು. ಆಲೂಗಡ್ಡೆಯ ತವರು ಈ ಆಂಡಿಸ್ ಬೆಟ್ಟಗಳೇ ಅಲ್ವಾ, ಆ ರುಚಿಯೇ ಬೇರೆ. ಸಸ್ಯಾಹಾರಿಗಳು 'ಸಿನ್ ಕಾರ್ನೆ, ಸಿನ್ ಪೋಯೊ' ಅನ್ನಿ. ಮಾಂಸ ಬೇಡ, ಕೋಳಿ ಬೇಡ ಎಂದರ್ಥ. ಸಾರಿನ ನೀರು ಕೋಳಿಯದ್ದಾ ಎಂದೂ ಕೇಳಿಕೊಳ್ಳಿ. ನಾರಂಹಿಯಾ ಹಣ್ಣಿನ ಹುಳಿ ಜ್ಯೂಸ್ ಕುಡಿಯದೆ ಏಳಬೇಡಿ.

ಮಳೆ ಬಂದಾಗ: ಓಸ್ವಾಲ್ದೊ ಗ್ವಾಯಸಮಿನ್

ಎಲ್ಲರೂ ಈ ಹೊತ್ತಿಗೆ ಊರ ಹೊರಗಿನ ಭೂಮಧ್ಯ ರೇಖೆಯ ಸ್ಮಾರಕಕ್ಕೆ ಓಡುತ್ತಾರೆ. ಅಲ್ಲಿನ ಹಳದಿ ಗೆರೆ ನಿಜವಾದ ರೇಖೆಯಿಂದ ಸುಮಾರು 240 ಮೀಟರ್ ದೂರದಲ್ಲಿದೆ, ಹೋಗಿ ಬರಲು ಅರ್ಧ ದಿನ ಬೇಕು. ಒಂದೇ ದಿನ ಇದ್ದರೆ ಬಿಟ್ಟುಬಿಡಿ. ಅದರ ಬದಲು ಟ್ಯಾಕ್ಸಿಯಲ್ಲಿ ಚಿತ್ರಕಾರ ಗ್ವಾಯಸಮಿನ್ ಅವರ ಕಲಾ ಸಂಗ್ರಹಾಲಯ ಕಾಪಿಯಾ ದೆಲ್ ಓಂಬ್ರೆಗೆ ಹೋಗಿ. ರಜೆಯ ದಿನ ಯಾವುದೆಂದು ಮೊದಲೇ ವಿಚಾರಿಸಿಕೊಳ್ಳಿ.

ಹೆಸರಿನ ಅರ್ಥ 'ಮನುಷ್ಯನ ಗುಡಿ'. ಕಿಟೊದಲ್ಲೇ 1919ರಲ್ಲಿ ಹುಟ್ಟಿದ ಗ್ವಾಯಸಮಿನ್ ಮೂಲನಿವಾಸಿ ತಂದೆಯ ಮಗ. ಈ ಗುಡಿ ಅವರ ಕನಸು, ಆದರೆ ತೆರೆದದ್ದು ಅವರು ತೀರಿಕೊಂಡ ಮೇಲೆ, 2002ರಲ್ಲಿ. ಒಳಗೆ ನಿಂತು ಗುಮ್ಮಟದಲ್ಲಿ ಅವರು ಬಿಡಿಸಿದ ಚಿತ್ರ ನೋಡಿ. ಬೊಲಿವಿಯಾದ ಪೊಟೊಸಿ ಬೆಳ್ಳಿ ಗಣಿಯಲ್ಲಿ ಸ್ಪೇನ್ ಆಳ್ವಿಕೆಗಾಗಿ ದುಡಿದು ಸತ್ತ ಮೂಲನಿವಾಸಿಗಳ ದೇಹಗಳು ಬೆಳಕಿನ ಕಡೆಗೆ ಕೈಚಾಚಿವೆ. ಬೆಳಿಗ್ಗೆ ನೋಡಿದ ಚಿನ್ನ ಈಗ ನೆನಪಾಗುತ್ತದೆ. ಎರಡನ್ನೂ ಒಂದೇ ದಿನ ನೋಡಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ. ಲಾ ಕಂಪಾನಿಯಾ ಒಂದನ್ನೇ ನೋಡಿ ಹೊರಟರೆ ಈ ಊರಿನ ಅರ್ಧ ಮಾತು ಮಾತ್ರ ಕಿವಿಗೆ ಬಿದ್ದ ಹಾಗೆ.

ಸಂಜೆ

ಐದಕ್ಕೆ ಎಲ್ ಪನೆಸಿಯೊ ಗುಡ್ಡ. ಟ್ಯಾಕ್ಸಿಯಲ್ಲೇ ಹೋಗಿ, ಅದನ್ನೇ ಕಾಯಿಸಿ ವಾಪಸ್ ಬನ್ನಿ. ಮೆಟ್ಟಿಲು ದಾರಿಯಲ್ಲಿ ಸುಲಿಗೆ ನಡೆಯುತ್ತದೆ. ದೇಶದಲ್ಲಿ ಈಚೆಗೆ ಅಪರಾಧವೂ ಹೆಚ್ಚಿದೆ, ಹೊರಡುವ ಮೊದಲು ಪರಿಸ್ಥಿತಿ ವಿಚಾರಿಸುವುದು ಒಳ್ಳೆಯದು. ಗುಡ್ಡದ ಮೇಲೆ ರೆಕ್ಕೆಯ ಕನ್ಯೆ ಮೇರಿ, ಏಳು ಸಾವಿರದಷ್ಟು ಅಲ್ಯೂಮಿನಿಯಂ ತುಂಡುಗಳನ್ನು ಜೋಡಿಸಿದ ಮೂರ್ತಿ. ವರ್ಷವಿಡೀ ಇಲ್ಲಿ ಸೂರ್ಯ ಮುಳುಗುವುದು ಆರೂಕಾಲರ ಆಸುಪಾಸು, ಮುಳುಗಿದ ಕೂಡಲೇ ಕತ್ತಲು. ಮೋಡ ಸರಿದಿದ್ದರೆ ದೂರದಲ್ಲಿ ಕೋಟೊಪಾಕ್ಸಿ ಜ್ವಾಲಾಮುಖಿಯ ಹಿಮ ಕಾಣಬಹುದು.

ಕೊನೆಗೆ ಗುಡ್ಡದ ಬುಡದ ಲಾ ರೋಂಡಾ ಓಣಿ. ಪೂರಿಯ ಹಾಗೆ ಉಬ್ಬಿದ, ಒಳಗೆ ಚೀಸ್, ಮೇಲೆ ಸಕ್ಕರೆ ಉದುರಿಸಿದ ಎಂಪನಾದಾ ದೆ ವಿಯೆಂತೊ ತಿನ್ನಿ. ಜೊತೆಗೆ ಬಿಸಿ ಕನೆಲಾಸೊ, ದಾಲ್ಚಿನ್ನಿ ಹಾಕಿ ಕುದಿಸಿದ್ದು. ಮದ್ಯ ಬೇಡವೆಂದರೆ ಮೊದಲೇ ಹೇಳಿ, ಹಾಕದೆ ಕೊಡುತ್ತಾರೆ. ಬಿಲ್ ಕೊಡುವಾಗ ಅಂಗಡಿಯವರಿಂದಲೇ ಟ್ಯಾಕ್ಸಿ ಕರೆಸಿ, ಅದು ಬರುವವರೆಗೆ ಒಳಗೇ ಕೂತಿರಿ.