ಸಿಂಗಪುರದಲ್ಲಿ ಚೀನೀ ಸಂಗೀತ ಸಂಘಕ್ಕೆ ಸೇರುವ ಮುಂಚೆ

ಸಂಜೆ ಹೊತ್ತು ಫ್ಲಾಟಿನ ಕೆಳಗಿನ ವಾಯ್ಡ್ ಡೆಕ್ಕಿನಲ್ಲಿ, ಅಂದರೆ ನೆಲಮಹಡಿಯ ತೆರೆದ ಜಾಗದಲ್ಲಿ, ಯಾರೋ ಅಜ್ಜ ಕೂತು ಅರ್‌ಹೂ ನುಡಿಸುತ್ತಿರುತ್ತಾರೆ. ಎರಡೇ ತಂತಿಯ ವಾದ್ಯ. ಮೇಲೆ ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಿದ್ದವರ ಕೈ ತಾನಾಗಿ ನಿಲ್ಲುತ್ತದೆ. "ಇದು ಮೋಹನ ಅಲ್ವಾ?" ಹೌದು, ಹೆಚ್ಚುಕಡಿಮೆ ಮೋಹನ ರಾಗವೇ. ಚೀನೀ ಸಂಗೀತದ ಐದು ಸ್ವರ ನಮ್ಮ ಸ ರಿ ಗ ಪ ದ. ರಿಷಭವನ್ನು ಷಡ್ಜ ಮಾಡಿಕೊಂಡರೆ, ಅಂದರೆ ರಿಯನ್ನೇ ಸ ಎಂದು ಹಿಡಿದರೆ, ಮಧ್ಯಮಾವತಿ ರಾಗ, ಪಂಚಮವನ್ನು ಮಾಡಿಕೊಂಡರೆ ಶುದ್ಧ ಸಾವೇರಿ, ಧೈವತವನ್ನು ಮಾಡಿಕೊಂಡರೆ ಶುದ್ಧ ಧನ್ಯಾಸಿ. ಅವರೂ ಹೀಗೆ ಬೇರೆ ಬೇರೆ ಸ್ವರಕ್ಕೆ ನಿಂತು ಹಾಡು ಕಟ್ಟುತ್ತಾರೆ. ನಮ್ಮ ಕಿವಿಗೆ ಅದು ಹತ್ತಿರ ಅನ್ನಿಸುವುದು ಸುಮ್ನೆ ಅಲ್ಲ.

ಹೀಗೆ ಕಿವಿ ಸೋತವರು ಆಗಾಗ ನನ್ನನ್ನು ಕೇಳುತ್ತಾರೆ, "ನೀವು ಚೀನೀ ಸಂಗೀತ ಸಂಘದಲ್ಲಿ ನುಡಿಸ್ತೀರಂತಲ್ಲ, ನಾವೂ ಸೇರಬಹುದಾ?" ಖಂಡಿತ ಸೇರಬಹುದು. ಆದರೆ ವಾದ್ಯ ಕೊಳ್ಳುವ ಮುಂಚೆ ಸಂಘದ ನಿಯಮ ಓದಿ. ನಾನು ಓದದೆ ಸೇರಿದೆ, ಅದರ ಬೆಲೆ ತೆತ್ತೆ.

ಮೈಸೂರಿನಲ್ಲಿ ಕೆಲವು ವರ್ಷ ಪಿಟೀಲು ಕಲಿತಿದ್ದರಿಂದ ನನಗೆ ಅರ್‌ಹೂ ಬೇಗ ಒಗ್ಗಿತು. ಕಮಾನು ಎರಡು ತಂತಿಗಳ ನಡುವೆಯೇ ಸಿಕ್ಕಿಕೊಂಡಿರುತ್ತದೆ ಎನ್ನುವುದಕ್ಕೆ ಕೈ ಒಗ್ಗಲು ಮಾತ್ರ ಒಂದು ತಿಂಗಳು ಬೇಕಾಯಿತು. ಅರ್ಜಿ ತುಂಬುವಾಗ ಕೊಟ್ಟ ನಿಯಮಗಳ ಪುಸ್ತಿಕೆಯನ್ನು ಚೀಲಕ್ಕೆ ಹಾಕಿಕೊಂಡವಳು ತೆಗೆದು ನೋಡಲೇ ಇಲ್ಲ. ಎರಡು ವರ್ಷ ಒಂದು ದಿನವೂ ತಪ್ಪಿಸದೆ ಅಭ್ಯಾಸಕ್ಕೆ ಹೋದೆ. ಆ ವರ್ಷದ ಸರ್ವಸದಸ್ಯರ ಸಭೆಯಲ್ಲಿ ಅಭ್ಯಾಸವನ್ನು ಭಾನುವಾರದಿಂದ ಶುಕ್ರವಾರ ರಾತ್ರಿಗೆ ಬದಲಾಯಿಸುವ ಮಾತು ಬಂತು. ಚಿಕ್ಕ ಮಕ್ಕಳಿರುವ ನನ್ನಂಥವರಿಗೆ ಅದು ಆಗದ ಕೆಲಸ. ಬೇಡ ಎಂದು ಕೈ ಎತ್ತಿದೆ. ಕಾರ್ಯದರ್ಶಿ ಮೆಲ್ಲಗೆ ಬಂದು, "ನೀವು ಅಸೋಸಿಯೇಟ್, ಅಂದರೆ ಸಹ-ಸದಸ್ಯರು, ನಿಮಗೆ ಮತ ಇಲ್ಲ" ಎಂದರು. ಪುಸ್ತಿಕೆಯಲ್ಲಿ ಅದು ಸ್ಪಷ್ಟವಾಗಿತ್ತು. ಸಾಮಾನ್ಯ ಸದಸ್ಯೆಯಾಗಲು ಬೇಕಾದ ಅರ್ಹತೆ ನನಗಿತ್ತು, ಅರ್ಜಿ ಮಾತ್ರ ಹಾಕಿರಲಿಲ್ಲ. ನಿರ್ಣಯ ಮೂರು ಮತಗಳ ಅಂತರದಲ್ಲಿ ಪಾಸಾಯಿತು. ಆಮೇಲೆ ಒಂದು ವರ್ಷ ನಾನು ಅಭ್ಯಾಸಕ್ಕೆ ಹೋಗಲಾಗಲಿಲ್ಲ.

ಈಗ ವಿಷಯಕ್ಕೆ ಬರೋಣ. ಇಲ್ಲಿ ಚೀನೀ ಸಂಗೀತ ಕಲಿಯುವ ಜಾಗಗಳು ಮುಖ್ಯವಾಗಿ ಮೂರು ಥರ. ಮೊದಲನೆಯದು ನಿಮ್ಮ ಬಡಾವಣೆಯ ಕಮ್ಯುನಿಟಿ ಕ್ಲಬ್. ಇವು 1960ರಲ್ಲಿ ಶುರುವಾದ ಪೀಪಲ್ಸ್ ಅಸೋಸಿಯೇಷನ್ ಕೆಳಗೆ ಬರುತ್ತವೆ. ಫೀಸು ಕಟ್ಟಿ ತರಗತಿಗೆ ಸೇರುತ್ತೀರಿ, ಮುಗಿದ ಮೇಲೆ ಮನೆಗೆ ಬರುತ್ತೀರಿ. ವಾದ್ಯ ಇಷ್ಟವಾಗುತ್ತದೋ ಇಲ್ಲವೋ ನೋಡಲು ಇದು ಒಳ್ಳೆಯ ದಾರಿ. ಎರಡನೆಯದು ಊರು ಮತ್ತು ಭಾಷೆಯ ಮೇಲೆ ಕಟ್ಟಿದ ಹಳೆಯ ಸಂಘಗಳ ಸಂಗೀತ ವಿಭಾಗ. ನಮ್ಮ ಜಿಲ್ಲಾ ಸಂಘ, ಸಮಾಜದ ಸಂಘಗಳಂತೆಯೇ ಇವು. ಚೀನಾದ ಫೂಜಿಯನ್ ಪ್ರಾಂತದ ಮೂಲದವರು 1840ರಲ್ಲಿ ಕಟ್ಟಿದ ಹೊಕ್ಕಿಯನ್ ಹುವೈ ಕುವಾನ್ ಅಂಥದ್ದು. ಇಂಥ ಕಡೆ ಸದಸ್ಯತ್ವ ಒಂದು ಮೂಲದವರಿಗೆ ಮೀಸಲಾಗಿರಬಹುದು. ತರಗತಿ ಎಲ್ಲರಿಗೂ ತೆರೆದಿದೆಯಾ ಎಂದು ಬೇರೆಯಾಗಿ ಕೇಳಿ, ಎರಡೂ ಒಂದೇ ಅಲ್ಲ.

ಮೂರನೆಯದು ಸ್ವತಂತ್ರ ಸಂಗೀತ ಸಂಘ. ನನ್ನ ಮನಸ್ಸು ಇರುವುದು ಇಲ್ಲಿ. ದಕ್ಷಿಣ ಚೀನಾ ಮೂಲದ ತಿಯೋಚು ಜನರ ಅರ್ ವೂ 1912ರದು, ಥಾವ್ ಯೋಂಗ್ 1931ರದು. ನಾನ್‌ಯಿನ್ ಸಂಗೀತದ ಸಿಯಾಂಗ್ ಲೆಂಗ್ 1941ರದು. ಹಗಲೆಲ್ಲ ವ್ಯಾಪಾರ ಮಾಡಿ ಸಂಜೆ ಕೂಡಿ ನುಡಿಸಲೆಂದು ಜನ ಕಟ್ಟಿಕೊಂಡ ಸಂಘಗಳು. ಹೆಸರಿನಲ್ಲೇ 'ಹವ್ಯಾಸಿ' ಎಂಬ ಮಾತು ಇಟ್ಟುಕೊಂಡವೂ ಇವೆ. ನಮ್ಮಲ್ಲಿ ಊರ ಭಜನಾ ಮಂಡಳಿ ಕಟ್ಟಿಕೊಂಡವರ ಹಾಗೆ.

ನಾನ್‌ಯಿನ್ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲಾರೆ. ಇದು ಚೀನಾದ ಫೂಜಿಯನ್ ಪ್ರಾಂತದ ಚುವಾನ್‌ಜೌ ಕಡೆಯ ಸಂಗೀತ. 2009ರಲ್ಲಿ ಯುನೆಸ್ಕೋದ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿತು. ಬೇರೆ ಕಡೆ ಪೀಪಾ ಎಂಬ ತಂತಿವಾದ್ಯವನ್ನು ನೆಟ್ಟಗೆ ಹಿಡಿದರೆ ಇಲ್ಲಿ ಅಡ್ಡ ಹಿಡಿಯುತ್ತಾರೆ. ಹಾಡುವವರು ಮರದ ತಾಳವನ್ನು ತಾವೇ ಹಿಡಿದು ಹಾಡುತ್ತಾರೆ. ಲಯ ಬಹಳ ನಿಧಾನ. ಮೊದಲ ಸಲ ಕೇಳಿದಾಗ ಒಂದು ಪದ ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಗೊತ್ತಾಗುವುದಿಲ್ಲ. ನಾಲ್ಕನೇ ಸಲ ಕೇಳಿದಾಗ ಬಿಟ್ಟು ಏಳಲು ಮನಸ್ಸಾಗುವುದಿಲ್ಲ. ಸಿಯಾಂಗ್ ಲೆಂಗ್ ಸಂಘವನ್ನು ನಡೆಸಿದ ಟೆಂಗ್ ಮಾ ಸೆಂಗ್ ಹಳೆಯ ಹಾಡುಗಳಲ್ಲೇ ನಿಲ್ಲದೆ ಹೊಸ ನಾನ್‌ಯಿನ್ ಹಾಡುಗಳನ್ನು ಬರೆದರು. ಅವರಿಗೆ 1987ರಲ್ಲಿ, ಕಲಾವಿದರಿಗೆ ಇಲ್ಲಿ ಕೊಡುವ ದೊಡ್ಡ ಗೌರವವಾದ ಕಲ್ಚರಲ್ ಮೆಡಾಲಿಯನ್ ಸಿಕ್ಕಿತು. ನಾನ್‌ಯಿನ್ ಸಂಘಗಳು ಹತ್ತನೇ ಶತಮಾನದ ದೊರೆ ಮಂಗ್ ಛಾಂಗ್‌ನನ್ನು ಲಾಂಗ್‌ಜುನ್ ಎಂಬ ಹೆಸರಿನಲ್ಲಿ ಸಂಗೀತದ ದೇವರೆಂದು ಪೂಜಿಸುತ್ತವೆ. ವಸಂತದಲ್ಲೊಮ್ಮೆ, ಶರತ್ಕಾಲದಲ್ಲೊಮ್ಮೆ ಆ ಪೂಜೆ ನಡೆಯುವ ಸಂಪ್ರದಾಯವಿದೆ. ನಿಮ್ಮನ್ನು ಕರೆದರೆ ದಯವಿಟ್ಟು ಹೋಗಿ. ನವರಾತ್ರಿಯಲ್ಲಿ ವೀಣೆಗೆ ಹೂ ಇಟ್ಟು ಬೆಳೆದವರಿಗೆ ಅಲ್ಲಿ ಯಾವುದೂ ಹೊಸದು ಅನ್ನಿಸುವುದಿಲ್ಲ.

ಇನ್ನು ನಿಯಮಗಳು. ಸಿಂಗಪುರದಲ್ಲಿ 1966ರ ಸೊಸೈಟೀಸ್ ಆಕ್ಟ್ ಪ್ರಕಾರ ಹತ್ತು ಅಥವಾ ಹೆಚ್ಚು ಜನರ ಸಂಘ ನೋಂದಣಿಯಾಗಬೇಕು. ಇದನ್ನು ನೋಡಿಕೊಳ್ಳುವುದು ರಿಜಿಸ್ಟ್ರಿ ಆಫ್ ಸೊಸೈಟೀಸ್, ಗೃಹ ಸಚಿವಾಲಯದ ಕೆಳಗಿನ ಕಚೇರಿ. ನಮ್ಮ ಊರಿನಲ್ಲಿ ನಾಲ್ಕು ಜನ ಸೇರಿ ಬೋರ್ಡು ಹಾಕಿ, ರಸೀದಿ ಪುಸ್ತಕ ಅಚ್ಚು ಹಾಕಿಸಿ ಆಮೇಲೆ ನೋಂದಣಿ ಯೋಚಿಸುತ್ತೇವೆ. ಇಲ್ಲಿ ಹಾಗೆ ನಡೆಯುವುದಿಲ್ಲ. ನೋಂದಣಿ ಇಲ್ಲದ ಸಂಘ ಕಾನೂನುಬಾಹಿರ, ಅದರ ಸದಸ್ಯರಾಗುವುದೂ ತಪ್ಪು. ಪಾಸಿನ, ಅಂದರೆ ಇಲ್ಲಿರಲು ಸರ್ಕಾರ ಕೊಟ್ಟ ಪರವಾನಗಿಯ, ಮೇಲೆ ಇರುವ ನಾವು ಇದನ್ನು ಹಗುರವಾಗಿ ತಗೋಬಾರದು. ಸಂಘದ ಹೆಸರು ರಿಜಿಸ್ಟ್ರಿಯ ತಾಣದಲ್ಲಿ ಸಿಗುತ್ತದಾ ನೋಡಿ. ರಸೀದಿಯ ಮೇಲೆ ಯುಇಎನ್ ಎಂಬ, ಸಂಸ್ಥೆಗಳಿಗೆ ಸರ್ಕಾರ ಕೊಡುವ ಗುರುತು ಸಂಖ್ಯೆ ಇರುತ್ತದೆ; ಅದರ ನಡುವೆ ಎಸ್‌ಎಸ್ ಎಂಬ ಅಕ್ಷರಗಳಿದ್ದರೆ ಅದು ಸೊಸೈಟಿ ಎಂದರ್ಥ.

ನಾವು ಬೈಲಾ ಅನ್ನುವುದನ್ನು ಇಲ್ಲಿ ಕಾನ್‌ಸ್ಟಿಟ್ಯೂಷನ್ ಅನ್ನುತ್ತಾರೆ. ರಿಜಿಸ್ಟ್ರಿಯೇ ಒಂದು ಮಾದರಿ ಕೊಟ್ಟಿದೆ. ಹೆಚ್ಚಿನ ಸಂಘಗಳ ನಿಯಮಾವಳಿ ಅದರ ಹತ್ತಿರವೇ ಇರುತ್ತದೆ. ಹಾಗಾಗಿ ಒಂದನ್ನು ಗಮನ ಕೊಟ್ಟು ಓದಿದರೆ ಉಳಿದವು ಬೇಗ ಅರ್ಥವಾಗುತ್ತವೆ. ಪ್ರವೇಶ ಶುಲ್ಕ ಕಟ್ಟಿದ ಸದಸ್ಯರಿಗೆ ಅದರ ಒಂದು ಪ್ರತಿ ಕೊಡಬೇಕು ಎಂದು ಮಾದರಿಯಲ್ಲೇ ಇದೆ. ಕೊಡದಿದ್ದರೆ ಕೇಳಿ ತಗೊಳ್ಳಿ, ಸಂಕೋಚ ಬೇಡ.

ಮೊದಲು ಸದಸ್ಯತ್ವದ ಪುಟ ತೆರೆಯಿರಿ. ಸಾಮಾನ್ಯ ಸದಸ್ಯರು, ಸಹ ಸದಸ್ಯರು, ಆಜೀವ ಸದಸ್ಯರು, ಗೌರವ ಸದಸ್ಯರು, ಹೀಗೆ ವರ್ಗಗಳಿರಬಹುದು. ಯಾರಿಗೆ ಮತ, ಯಾರು ಕಮಿಟಿಗೆ ನಿಲ್ಲಬಹುದು ಎಂಬುದು ಅಲ್ಲೇ ಇರುತ್ತದೆ. ನೀವು ಕಟ್ಟುವ ಹಣಕ್ಕಿಂತ ಈ ಸಾಲು ಮುಖ್ಯ. ಅರ್ಜಿ ಕಾರ್ಯದರ್ಶಿಗೆ ಕೊಡಬೇಕು, ಒಪ್ಪುವುದು ಬಿಡುವುದು ಕಮಿಟಿಗೆ ಸೇರಿದ್ದು. ಕೆಲವು ಹಳೆಯ ಸಂಘಗಳಲ್ಲಿ ಈಗಾಗಲೇ ಸದಸ್ಯರಾದ ಇಬ್ಬರು ನಿಮ್ಮ ಹೆಸರು ಸೂಚಿಸಿ ಅನುಮೋದಿಸಬೇಕು. ಯಾರ ಪರಿಚಯವೂ ಇಲ್ಲವಲ್ಲ ಎಂದು ಹಿಂಜರಿಯಬೇಡಿ. ಒಂದೆರಡು ತಿಂಗಳು ಅತಿಥಿಯಾಗಿ ಹೋಗಿ ಕೂತು ಕೇಳಿ, ಕುರ್ಚಿ ಜೋಡಿಸಿ, ಚಹಾ ಲೋಟ ತೊಳೆಯಿರಿ. ಕೇಳುವ ಮುಂಚೆಯೇ ಯಾರಾದರೂ ಅಂಕಲ್ ಫಾರಂ ತಂದು ಕೈಗಿಡುತ್ತಾರೆ. ನನಗೆ ಹಾಗೇ ಆಯಿತು. ಮಕ್ಕಳನ್ನು ಸೇರಿಸುವುದಾದರೆ, 18 ತುಂಬದವರಿಗೆ ತಂದೆ ತಾಯಿಯ ಒಪ್ಪಿಗೆ ಬರಹದಲ್ಲಿ ಬೇಕು.

ಚಂದಾ ಬಾಕಿ ಇಡಬೇಡಿ. ಮಾದರಿ ನಿಯಮದ ಪ್ರಕಾರ ಖಜಾಂಚಿ ಮೊದಲು ತಿಳಿಸುತ್ತಾರೆ. ಆಮೇಲೂ ಕಟ್ಟದಿದ್ದರೆ ಬಾಕಿದಾರರ ಹೆಸರನ್ನು ನೋಟಿಸ್ ಬೋರ್ಡಿಗೆ ಹಾಕಿಸಬಹುದು. ಇನ್ನೂ ಬಿಟ್ಟರೆ ಸದಸ್ಯತ್ವ ತಾನಾಗಿ ಹೋಗುತ್ತದೆ. ರಜೆಗೆಂದು ಊರಿಗೆ ಹೋಗಿ ಎರಡು ತಿಂಗಳು ಇದ್ದು ಬರುವವರು ಹೊರಡುವ ಮುಂಚೆಯೇ ಕಟ್ಟಿಬಿಡಿ.

ಖಜಾಂಚಿ ಎಂದಾಗ ನೆನಪಾಯಿತು, ನನಗೆ ತುಂಬ ಹಿಡಿಸಿದ ನಿಯಮ ಒಂದಿದೆ. ಅಧ್ಯಕ್ಷರು, ಕಾರ್ಯದರ್ಶಿ ಮತ್ತೆ ಮತ್ತೆ ಅದೇ ಜಾಗಕ್ಕೆ ಆರಿಸಿ ಬರಬಹುದು. ಖಜಾಂಚಿ ಮಾತ್ರ ಒಂದು ಅವಧಿ ಮುಗಿಸಿ ಕೂಡಲೇ ಮತ್ತೆ ಖಜಾಂಚಿಯಾಗುವಂತಿಲ್ಲ. ಚೆಕ್ಕಿಗೆ ಅವರೊಬ್ಬರ ಸಹಿ ಸಾಲದು, ಜೊತೆಗೆ ಇನ್ನೊಬ್ಬ ಪದಾಧಿಕಾರಿಯದೂ ಬೇಕು. ಎಷ್ಟು ನಗದು ಕೈಯಲ್ಲಿಟ್ಟುಕೊಳ್ಳಬಹುದು ಎಂಬುದಕ್ಕೂ ಮಿತಿ ಬರೆದಿರುತ್ತದೆ. ಹಣದ ಲೆಕ್ಕದಿಂದ ಸ್ನೇಹ ಕೆಟ್ಟ ಎಷ್ಟು ಸಂಘಗಳನ್ನು ನಾವು ನೋಡಿಲ್ಲ ಹೇಳಿ. ಇಷ್ಟು ಚಿಕ್ಕ ನಿಯಮ ಎಷ್ಟೊಂದು ಜಗಳ ತಡೆಯುತ್ತದೆ.

ಮಾದರಿಯ ಪ್ರಕಾರ ಸರ್ವಸದಸ್ಯರ ಸಭೆಗೆ ಎರಡು ವಾರ ಮುಂಚೆ ತಿಳಿವಳಿಕೆ ಬರುತ್ತದೆ. ನಿಮ್ಮ ವಿಷಯ ಸೇರಬೇಕೆಂದರೆ ಒಂದು ವಾರ ಮುಂಚೆ ಕಾರ್ಯದರ್ಶಿಗೆ ಬರೆದು ಕೊಡಿ. ಕೋರಂ, ಅಂದರೆ ಸಭೆಗೆ ಬೇಕಾದ ಕನಿಷ್ಠ ಹಾಜರಿ, ಮತವಿರುವವರಲ್ಲಿ ಕಾಲು ಭಾಗ ಅಥವಾ 30 ಜನ, ಯಾವುದು ಕಡಿಮೆಯೋ ಅದು. ಅಷ್ಟು ಜನ ಬರದಿದ್ದರೆ ಅರ್ಧ ಗಂಟೆ ಕಾದು, ಬಂದವರನ್ನೇ ಕೋರಂ ಎಂದು ತಿಳಿದು ಸಭೆ ನಡೆಸುತ್ತಾರೆ. ಆದರೆ ಅಂಥ ಸಭೆಗೆ ನಿಯಮಾವಳಿ ತಿದ್ದುವ ಅಧಿಕಾರ ಇಲ್ಲ. ನಿಮ್ಮ ಪರವಾಗಿ ಬೇರೆಯವರು ಮತ ಹಾಕುವ ವ್ಯವಸ್ಥೆಯೂ ಸಾಮಾನ್ಯವಾಗಿ ಇರುವುದಿಲ್ಲ. ಹೋಗಲೇಬೇಕು.

ಕಮಿಟಿಗೆ ನಿಲ್ಲುವ ಆಸೆ ಇದ್ದವರು ಇದನ್ನು ತಿಳಿದಿರಿ. ಮಾದರಿಯ ಪ್ರಕಾರ, ರಿಜಿಸ್ಟ್ರಾರ್ ಬೇರೆ ಅನುಮತಿ ಕೊಟ್ಟ ಹೊರತು ಕಮಿಟಿಯಲ್ಲಿ ಹೆಚ್ಚಿನವರು ಸಿಂಗಪುರದ ಪ್ರಜೆಗಳಾಗಿರಬೇಕು. ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಸ್ಥಾನಗಳಿಗೆ ಪ್ರಜೆಗಳು ಇಲ್ಲವೇ ಪಿಆರ್ (ಕಾಯಂ ವಾಸದ ಹಕ್ಕು) ಇರುವವರೇ ಬೇಕು. ಕೆಲಸದ ಪಾಸಿನ ಮೇಲಿರುವವರಿಗೆ ಸಂಘದಲ್ಲಿ ಕೆಲಸಕ್ಕೇನೂ ಕೊರತೆ ಇಲ್ಲ. ವಾದ್ಯಗಳ ಬೀರು ನೋಡಿಕೊಳ್ಳುವುದು, ಕಛೇರಿಗೆ ವೇದಿಕೆ ಕಟ್ಟುವುದು, ಇದಕ್ಕೆಲ್ಲ ಜನ ಸಾಲುವುದೇ ಇಲ್ಲ. ಆದರೆ ನುಡಿಸಿದ್ದಕ್ಕೋ ಕಲಿಸಿದ್ದಕ್ಕೋ ಹಣ ಕೊಡುತ್ತೇವೆ ಎಂದರೆ, ನಿಮ್ಮ ಪಾಸು ಅದಕ್ಕೆ ಒಪ್ಪುತ್ತದಾ ಎಂದು ಮ್ಯಾನ್‌ಪವರ್ ಸಚಿವಾಲಯವನ್ನು ಕೇಳದೆ ಮುಟ್ಟಬೇಡಿ.

ಮಾದರಿಯಲ್ಲಿ ಜೂಜಾಟಕ್ಕೂ ರಾಜಕೀಯಕ್ಕೂ ನಿಷೇಧವಿದೆ. ಇದನ್ನು ಜನ ನಿಜವಾಗಿ ಪಾಲಿಸುತ್ತಾರೆ. ಚಹಾ ಕುಡಿಯುವಾಗ ಭಾರತ ಚೀನಾ ಗಡಿ ಮಾತು ತೆಗೆಯಬೇಡಿ. ಅವರಲ್ಲಿ ಹೆಚ್ಚಿನವರು ಸಿಂಗಪುರದವರು, ಅಜ್ಜನ ಕಾಲದಿಂದ ಇಲ್ಲಿಯವರು.

ಭಾಷೆ ಬರುವುದಿಲ್ಲ ಎಂಬ ಹೆದರಿಕೆ ಎಲ್ಲರಿಗೂ ಇರುತ್ತದೆ. ಅಭ್ಯಾಸ ಮ್ಯಾಂಡರಿನ್‌ನಲ್ಲಿ ನಡೆಯುತ್ತದೆ, ಹಳೆಯ ಸಂಘಗಳಲ್ಲಿ ಹೊಕ್ಕಿಯನ್ ಅಥವಾ ತಿಯೋಚು ಕೂಡ. ಆದರೆ ಇಂದಿನ ಹೆಚ್ಚಿನ ಗುಂಪುಗಳಲ್ಲಿ ಬರಹ ಅಂಕಿಯಲ್ಲಿರುತ್ತದೆ. ಜಿಯೆನ್‌ಪು ಎನ್ನುತ್ತಾರೆ. 1 ಎಂದರೆ ಸ, 2 ಎಂದರೆ ರಿ, 3 ಎಂದರೆ ಗ. ಮೇಲೆ ಚುಕ್ಕಿ ಇದ್ದರೆ ತಾರ ಸ್ಥಾಯಿ, ಕೆಳಗಿದ್ದರೆ ಮಂದ್ರ. ಅಂಕಿಯ ಕೆಳಗೆ ಗೆರೆ ಎಳೆದರೆ ಕಾಲ ಅರ್ಧವಾಗುತ್ತದೆ. ನಮ್ಮ ಸ್ವರಲಿಪಿ ಓದಿ ಬಂದವರಿಗೆ ಒಂದು ಮಧ್ಯಾಹ್ನದ ಕೆಲಸ. ನಾನು ಮೊದಲ ದಿನವೇ ಅಂಕಿ ನೋಡಿ ಸರಿಗಮದಲ್ಲಿ ಹಾಡಿದಾಗ ಪಕ್ಕದಲ್ಲಿದ್ದ ಆಂಟಿ ಬೆರಗಾಗಿ ಇನ್ನೊಮ್ಮೆ ಹಾಡಿಸಿದರು. ನಾನ್‌ಯಿನ್‌ಗೆ ಮಾತ್ರ ಬೇರೆ ಲಿಪಿ ಇದೆ, ಅದನ್ನು ಮೊದಲಿನಿಂದ ಕಲಿಯಬೇಕು.

ಕಲಿಸುವವರನ್ನು ಲಾವ್‌ಶಿ ಎನ್ನಿ, ಗುರುಗಳೇ ಎಂದು ಅದರರ್ಥ; ಹೆಸರು ಹಿಡಿದು ಕರೆಯಬೇಡಿ. ಚೀನೀ ಹೊಸವರ್ಷಕ್ಕೆ ಕೆಂಪು ಲಕೋಟೆಯಲ್ಲಿ ಹಣ ಕೊಡುವಾಗ ನಮ್ಮ ಹಾಗೆ ಒಂದು ಸೇರಿಸಿ ಬೆಸ ಮಾಡಬಾರದು. ಅವರಿಗೆ ಸಮಸಂಖ್ಯೆ ಶುಭ, 4 ಮಾತ್ರ ಬೇಡ.

ಊರಿಗೆ ವಾಪಸ್ ಹೋಗುವ ದಿನ ಬಂದರೆ ಸುಮ್ನೆ ನಿಲ್ಲಿಸಬೇಡಿ. ಕಾರ್ಯದರ್ಶಿಗೆ ಎರಡು ಸಾಲಿನ ರಾಜೀನಾಮೆ ಪತ್ರ ಕೊಡಿ, ಬಾಕಿ ತೀರಿಸಿ, ಬೀರುವಿನ ಕೀಲಿ ಮತ್ತು ಸಂಘದ ವಾದ್ಯ ಒಪ್ಪಿಸಿ. ಕೆಲವು ಸಂಘಗಳಲ್ಲಿ ದೂರವಿರುವ ಸದಸ್ಯರಿಗೂ ಒಂದು ವರ್ಗವಿದೆ, ಅದನ್ನೂ ವಿಚಾರಿಸಿ. ಸ್ವಂತ ಅರ್‌ಹೂ ಜೊತೆಗೆ ಒಯ್ಯುವುದಾದರೆ ಅದರ ಮುಖಕ್ಕೆ ಹೊದಿಸಿದ ಚರ್ಮ ನೋಡಿ. ಸಾಮಾನ್ಯವಾಗಿ ಅದು ಹೆಬ್ಬಾವಿನದು. ಅಪಾಯದಲ್ಲಿರುವ ಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿ ಹೆಬ್ಬಾವು ಇರುವುದರಿಂದ ಗಡಿ ದಾಟಿಸಲು ಪರವಾನಗಿ ಬೇಕಾಗಬಹುದು. ಕೊಳ್ಳುವ ದಿನವೇ ಅಂಗಡಿಯವರಿಂದ ಚರ್ಮದ ಕಾಗದಪತ್ರ ಕೇಳಿ ಇಟ್ಟುಕೊಳ್ಳಿ. ಹೊರಡುವ ಕೆಲವು ವಾರ ಮುಂಚೆ, ಇಲ್ಲಿ ಆ ಪರವಾನಗಿ ನೋಡಿಕೊಳ್ಳುವ ಎನ್‌ಪಾರ್ಕ್ಸ್ ಕಚೇರಿಯಲ್ಲಿ ವಿಚಾರಿಸಿ, ಭಾರತದ ಕಡೆಯ ನಿಯಮವನ್ನೂ ಕೇಳಿ ತಿಳಿದುಕೊಳ್ಳಿ. ಆಮೇಲೆ ಪೆಟ್ಟಿಗೆ ಕಟ್ಟಿ.